ಹಜಾರದಲ್ಲಿ ನಂಜನಗೂಡಿನ ರೈಲು

ಅಂಗಡಿಯಿಂದ ತಂದ ಆಟದ ರೈಲು ದುಂಡನೆಯ ಹಳಿಯ ಮೇಲೆ ಸುತ್ತತೊಡಗಿದರೆ ಮಕ್ಕಳಿಗೆ ಹತ್ತು ನಿಮಿಷ ಸಂಭ್ರಮ; ಹನ್ನೊಂದನೆಯ ನಿಮಿಷಕ್ಕೆ ಬೇಸರ. ಅದಕ್ಕೆ ಹೊರಟ ಊರಿಲ್ಲ, ಸೇರುವ ಊರಿಲ್ಲ. ತಡವಾಯಿತೆಂದು ಗೊಣಗುವ ಪ್ರಯಾಣಿಕನೂ ಇಲ್ಲ. ನಿಜವಾದ ರೈಲುದಾರಿಯೊಂದನ್ನು ಆರಿಸಿಕೊಂಡು, ಅದರ ನಿಲ್ದಾಣ, ಸೇತುವೆ, ವೇಳಾಪಟ್ಟಿಗಳನ್ನು ಅಳತೆಗೆ ಇಳಿಸಿ ಮನೆಯಲ್ಲಿಯೇ ನಡೆಸುವ ಹವ್ಯಾಸ ಈ ಬೇಸರಕ್ಕೆ ಒಳ್ಳೆಯ ಮದ್ದು. ಅಮೆರಿಕದ ಫ್ರ್ಯಾಂಕ್ ಎಲಿಸನ್ 1940ರ ದಶಕದಲ್ಲಿ ಇದನ್ನು ನಾಟಕಕ್ಕೆ ಹೋಲಿಸಿದ್ದುಂಟು: ಹಳಿ ರಂಗಸ್ಥಳ, ಗಾಡಿಗಳು ಪಾತ್ರಧಾರಿಗಳು, ವೇಳಾಪಟ್ಟಿಯೇ ಕಥೆ.

ಮೈಸೂರಿನವರು ಈ ನಾಟಕಕ್ಕೆ ವಸ್ತುವನ್ನು ಅರಸಿ ದೂರ ಹೋಗಬೇಕಾಗಿಲ್ಲ. 1891ರಲ್ಲಿ ಆರಂಭವಾದ ನಂಜನಗೂಡಿನ ಮೀಟರ್ ಗೇಜ್ ದಾರಿಯೇ ಇದೆ. ಇದ್ದಿತು ಎನ್ನುವುದು ಸರಿ. ಈ ಶತಮಾನದ ಮೊದಲ ದಶಕದಲ್ಲಿ ಆ ಹಳಿಗಳನ್ನು ಕಿತ್ತು ಬ್ರಾಡ್ ಗೇಜ್ ಹಾಕಲಾಯಿತು. ಆದರೆ ಮಾದರಿಗಾರನಿಗೆ ಹಳೆಯದೇ ಅನುಕೂಲ. ಪ್ರಪಂಚದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಅಳತೆ ಒಂದಕ್ಕೆ ಎಂಬತ್ತೇಳು. ಆ ಅಳತೆಯಲ್ಲಿ ನಮ್ಮ 1676 ಮಿಲಿಮೀಟರ್ ಬ್ರಾಡ್ ಗೇಜ್ 19 ಮಿಲಿಮೀಟರಿಗಿಂತ ತುಸು ಹೆಚ್ಚಾಗುತ್ತದೆ. ಅಂಗಡಿಯ ಹಳಿಯಾದರೋ 16.5. ಮೀಟರ್ ಗೇಜ್ ಹನ್ನೊಂದೂವರೆಗೆ ಬರುತ್ತದೆ. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳಿಗೆಂದು ತಯಾರಾಗುವ 12 ಮಿಲಿಮೀಟರ್ ಹಳಿ ಅದಕ್ಕೆ ಸಾಕು. ಅರ್ಧ ಮಿಲಿಮೀಟರಿಗಾಗಿ ಜಗಳವಾಡುವವರು ಬೇರೆ ಹವ್ಯಾಸವನ್ನು ಹುಡುಕಿಕೊಳ್ಳುವುದು ಲೇಸು.

ಮೈಸೂರಿನಿಂದ ನಂಜನಗೂಡಿಗೆ ಸುಮಾರು 25 ಕಿಲೋಮೀಟರ್. ಎಂಬತ್ತೇಳರಿಂದ ಭಾಗಿಸಿದರೂ 280 ಮೀಟರಿಗೆ ಮೀರುತ್ತದೆ. ಅಂಥ ಹಜಾರ ಅರಮನೆಯಲ್ಲಿಯೂ ಸಿಕ್ಕೀತೆ? ಆದಕಾರಣ ಬಿಡುವುದನ್ನು ಕಲಿಯಬೇಕು. ಚಾಮರಾಜಪುರಂ ನಿಲ್ದಾಣ, ನಡುವೆ ಕಡಕೊಳ, ಕೊನೆಗೆ ಕಪಿಲಾ ನದಿಯ ಹಳೆಯ ಸೇತುವೆ: ಇಷ್ಟಿದ್ದರೆ ನೋಡಿದವರು ದಾರಿಯನ್ನು ಗುರುತಿಸಿಯಾರು. ದಳವಾಯಿ ದೇವರಾಜಯ್ಯನವರು 1735ರಲ್ಲಿ ಕಟ್ಟಿಸಿದ ಆ ಸೇತುವೆ ರೈಲು ಹುಟ್ಟುವ ಮೊದಲಿನದು. ಮುಂದೆ ರಸ್ತೆ, ಹಳಿ ಎರಡನ್ನೂ ಹೊತ್ತಿತು. ಅದರ ಕಮಾನುಗಳನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಲು ಕೆಲವು ಭಾನುವಾರಗಳೇ ಬೇಕು, ಅವಸರ ಕೂಡದು.

ವರ್ಷವನ್ನೂ ಮೊದಲೇ ನಿಶ್ಚಯಿಸತಕ್ಕದ್ದು. 1965 ಎಂದಿಟ್ಟುಕೊಂಡರೆ ಗಾಡಿಯನ್ನೆಳೆಯಲು ವೈಪಿ ಉಗಿ ಇಂಜಿನ್ ಒಪ್ಪುತ್ತದೆ. ಡಬ್ಬಿಗಳ ಮೇಲೆ ದಕ್ಷಿಣ ರೈಲ್ವೆಯ ಹೆಸರಿರಬೇಕು. ಪಕ್ಕದ ಸರಕಾರಿ ಕಚೇರಿಯ ಹಲಗೆಯ ಮೇಲೆ ‘ಮೈಸೂರು ರಾಜ್ಯ’ ಎಂದೇ ಬರೆಯಬೇಕು. ಕರ್ನಾಟಕವೆಂಬ ಹೆಸರು ಬಂದುದು 1973ರಲ್ಲಿ.

ಕಟ್ಟಿದ ಮೇಲೆ ನಡೆಸುವುದು. ಇಲ್ಲಿಯೇ ಹಲವರು ಎಡವುತ್ತಾರೆ, ಗಾಡಿಯನ್ನು ಬಾಣದಂತೆ ಬಿಡುತ್ತಾರೆ. ಗಂಟೆಗೆ 30 ಕಿಲೋಮೀಟರ್ ವೇಗದ ಗಾಡಿ ಈ ಅಳತೆಯಲ್ಲಿ ಸೆಕೆಂಡಿಗೆ ಹತ್ತು ಸೆಂಟಿಮೀಟರನ್ನೂ ದಾಟದು. 12 ಅಡಿಯ ಹಲಗೆಗೆ 38 ಸೆಕೆಂಡು ಹಿಡಿಯಬೇಕು. ಒಂಟಿ ಹಳಿಯ ಮೇಲೆ ಎರಡು ಗಾಡಿಗಳು ಎದುರಾಗದಂತೆ ಟೋಕನ್ ಪದ್ಧತಿ ಬೇಕು: ಟೋಕನ್ ಕೈಗೆ ಬರದೆ ಚಾಲಕ ಹೊರಡುವಂತಿಲ್ಲ. ಮನೆಯಲ್ಲಿ ಒಂದು ಗೋಲಿ, ಒಂದು ಹಳೆಯ ಬಳೆ ಇದ್ದರಾಯಿತು. ಮೊಮ್ಮಗ ಚಾಲಕ, ತಾತ ಕಡಕೊಳದ ಸ್ಟೇಷನ್ ಮಾಸ್ತರು. ಎದುರಿನ ಗೂಡ್ಸ್ ಗಾಡಿ ಪಕ್ಕದ ಹಳಿಗೆ ಸರಿಯುವವರೆಗೆ ತಾತ ಗೋಲಿಯನ್ನು ಕೊಡುವುದಿಲ್ಲ, ಹುಡುಗ ಕಾಯಬೇಕು.

ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ 1979ರಿಂದ ಹಳೆಯ ಇಂಜಿನ್‌ಗಳೂ ರಾಜಮನೆತನದ ಸಲೂನ್ ಗಾಡಿಯೂ ಇವೆ. ಟೇಪು ಹಿಡಿದು ಹೋದರೆ ಚಕ್ರದ ವ್ಯಾಸವನ್ನು ಅಳೆದು ತರಬಹುದು. ಆದರೆ ಗಾಡಿ ಕಡಕೊಳದಲ್ಲಿ ಎಷ್ಟು ಹೊತ್ತು ನಿಲ್ಲುತ್ತಿತ್ತು, ಜಾತ್ರೆಯ ದಿನ ಎಷ್ಟು ಡಬ್ಬಿ ಹೆಚ್ಚಾಗುತ್ತಿದ್ದವು, ಗೇಟಿನವನು ಯಾವ ಸದ್ದಿಗೆ ಏಳುತ್ತಿದ್ದ ಎಂಬುದು ನಿಂತ ಇಂಜಿನ್‌ನಲ್ಲಿ ಸಿಕ್ಕುವುದಿಲ್ಲ. ಅದು ಆ ದಾರಿಯಲ್ಲಿ ದುಡಿದು ನಿವೃತ್ತರಾದ ಹಿರಿಯರಲ್ಲಿದೆ. ಅವರ ಸಂಖ್ಯೆ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದೆ. ರಟ್ಟು, ಅಂಟುಗಳನ್ನು ಕೊಳ್ಳುವ ಮುನ್ನ ಒಂದು ನೋಟ್ ಪುಸ್ತಕ ಕೊಂಡು ಅಂಥವರ ಮನೆಯ ಬಾಗಿಲು ತಟ್ಟುವುದು ಮೊದಲ ಕೆಲಸ. ಹಳಿ ಮುಂದಿನ ತಿಂಗಳು ತಂದರೂ ನಡೆದೀತು.