ಅಂಗೈ ಗಣಕದಲ್ಲಿ ಚದುರಂಗ

2009ರ ಆಗಸ್ಟಿನಲ್ಲಿ ಅರ್ಜೆಂಟೀನಾ ದೇಶದ ಬ್ಯೂನಸ್ ಐರಿಸ್ ನಗರದಲ್ಲಿ 'ಕೋಪಾ ಮೆರ್ಕೊಸುರ್' ಎಂಬ ಚದುರಂಗದ ಪಂದ್ಯಾವಳಿಯೊಂದು ನಡೆಯಿತು. ಅದರಲ್ಲಿ ಹತ್ತು ಆಟಗಳನ್ನಾಡಿ, ಒಂಬತ್ತನ್ನು ಗೆದ್ದು, ಒಂದನ್ನು ಸರಿಸಮವಾಗಿ ಮುಗಿಸಿ ಪ್ರಥಮಸ್ಥಾನ ಪಡೆದುದು ಒಂದು ಮೊಬೈಲ್ ಫೋನು! ಅದರೊಳಗಿದ್ದ ತಂತ್ರಾಂಶದ ಹೆಸರು 'ಪಾಕೆಟ್ ಫ್ರಿಟ್ಜ್ 4'. ಮೇಜಿನ ಗಣಕಗಳಲ್ಲಿ ಹೆಸರು ಮಾಡಿದ್ದ 'ಹಯಾರ್ಕ್ಸ್' ಎಂಬ ಚದುರಂಗ ತಂತ್ರಾಂಶವನ್ನು ಅಂಗೈಯಗಲದ ಯಂತ್ರಕ್ಕೆ ಹೊಂದಿಸಿದ ರೂಪವದು.

ಯಂತ್ರಗಳ ವೇಗ ಹೆಚ್ಚಿತು, ಅದರಿಂದ ಗೆದ್ದಿತು ಎಂದು ಯಾರಾದರೂ ಹೇಳಿಯಾರು. ಈ ಮಾತು ನಮಗೆ ಒಪ್ಪಿಗೆಯಿಲ್ಲ. 1997ರಲ್ಲಿ ವಿಶ್ವವಿಜೇತ ಕಾಸ್ಪರೋವ್ ಅವರನ್ನು ಸೋಲಿಸಿದ 'ಡೀಪ್ ಬ್ಲೂ' ಗಣಕವು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. ಅದಕ್ಕೆಂದೇ ನಿರ್ಮಿಸಿದ 480 ಚಿಪ್ಪುಗಳು ಅದರಲ್ಲಿದ್ದವು. ಬ್ಯೂನಸ್ ಐರಿಸಿನ ಫೋನು ಪರಿಶೀಲಿಸಿದುದು ಸೆಕೆಂಡಿಗೆ 20 ಸಾವಿರಕ್ಕಿಂತಲೂ ಕಡಿಮೆ. ಹತ್ತು ಸಾವಿರದಲ್ಲೊಂದು ಪಾಲು! ಅಲ್ಲಿನ ಎದುರಾಳಿಗಳು ಕಾಸ್ಪರೋವ್ ಅವರ ಮಟ್ಟದವರಾಗಿರಲಿಲ್ಲ, ನಿಜ. ಆದರೂ ಆ ಗೆಲುವನ್ನು ವೇಗವೊಂದರಿಂದಲೇ ವಿವರಿಸಲಾಗದು.

ಸ್ವಲ್ಪ ಲೆಕ್ಕ ನೋಡೋಣ. ನಡು ಆಟದಲ್ಲಿ ಒಂದೊಂದು ಸ್ಥಿತಿಯಿಂದಲೂ ಸುಮಾರು 35 ನಡೆಗಳು ಸಾಧ್ಯ. ನಮ್ಮದೆರಡು, ಎದುರಾಳಿಯದೆರಡು, ಹೀಗೆ ನಾಲ್ಕು ನಡೆಗಳಷ್ಟು ಮುಂದೆ ನೋಡಬೇಕಾದರೆ 15,00,625 ಸ್ಥಿತಿಗಳಾಗುತ್ತವೆ. ಆದರೆ ಎದುರಾಳಿಯ ಒಂದು ಉತ್ತರದಿಂದಲೇ ನಮ್ಮ ನಡೆ ಕೆಟ್ಟದ್ದೆಂದು ತಿಳಿದ ಮೇಲೆ ಅವನ ಮಿಕ್ಕ ಉತ್ತರಗಳನ್ನು ನೋಡುವುದೇಕೆ? ಹೀಗೆ ಕೊಂಬೆಗಳನ್ನು ಸವರುವ ವಿಧಾನಕ್ಕೆ ಆಲ್ಫಾ-ಬೀಟಾ ಎಂದು ಹೆಸರು. ಪ್ರತಿ ಸಲವೂ ಉತ್ತಮ ನಡೆಯನ್ನೇ ಮೊದಲು ಪರೀಕ್ಷಿಸುವಂತಾದರೆ 2,449 ಸ್ಥಿತಿಗಳೇ ಸಾಕು. ಉತ್ತಮ ನಡೆಯನ್ನು ಮೊದಲೇ ಊಹಿಸಲು ಬೇಕಾದುದು ಆಟದ ತಿಳಿವಳಿಕೆ. ಸಣ್ಣ ಯಂತ್ರಕ್ಕೆ ತಂತ್ರಾಂಶವನ್ನು ಒಯ್ಯುವವನು ಈ ತಿಳಿವಳಿಕೆಯನ್ನು ಉಳಿಸಿಕೊಂಡು ಉಳಿದುದನ್ನು ಇಳಿಸಬೇಕು.

ನಮ್ಮಲ್ಲಿ ಈ ಕೆಲಸವನ್ನು ಬರಿಯ ನಕಲೆಂದು ಎಣಿಸುವುದುಂಟು. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬ, ಗುಜರಿಯಲ್ಲಿ ಕೊಂಡ ಹಳೆಯ ಕೈಗಣಕಕ್ಕೆ ಮುಕ್ತವಾಗಿ ದೊರೆಯುವ ಚದುರಂಗ ತಂತ್ರಾಂಶವೊಂದನ್ನು ಹೊಂದಿಸಿ ಅಂತಿಮ ವರ್ಷದ ಪ್ರಾಜೆಕ್ಟಾಗಿ ತಂದ. ಮೂಲ ತಂತ್ರಾಂಶವು ಹಲಗೆಯ 64 ಮನೆಗಳನ್ನು 64 ಬಿಟ್ಟುಗಳ ಒಂದೇ ಸಂಖ್ಯೆಯಲ್ಲಿ ಹಿಡಿದಿಡುತ್ತಿತ್ತು. ಅವನ ತಂತ್ರಾಂಶ ಆ ಯಂತ್ರದಲ್ಲಿ ಒಮ್ಮೆಗೆ ಎಣಿಸುತ್ತಿದ್ದುದು 16 ಬಿಟ್ಟು. ಒಂದು ಗಣನೆಯ ಸ್ಥಾನದಲ್ಲಿ ನಾಲ್ಕು. ಅದಕ್ಕಾಗಿ ಹಲಗೆಯನ್ನು ಬರೆಯುವ ಕ್ರಮವನ್ನೇ ಬದಲಿಸಿ, ಮನೆಗೊಂದು ಬೈಟಿನಂತೆ ಇಟ್ಟ. ಬಳಿಕ ಒಂದು ವಿಚಿತ್ರ ಕಂಡಿತು. ಆಟ ಚೆನ್ನಾಗಿ ಸಾಗಿ, ಎದುರಾಳಿಯ ರಾಜನನ್ನು ಕಟ್ಟಿಹಾಕುವ ಹೊತ್ತಿಗೆ ಯಂತ್ರ ಹಿಂಜರಿದು ಯಾವುದೋ ಪದಾತಿಯನ್ನು ತಳ್ಳುತ್ತಿತ್ತು. ಎರಡು ವಾರ ಹುಡುಕಿದ. ಗೆಲುವಿಗೆ ತಂತ್ರಾಂಶ ಕೊಡುತ್ತಿದ್ದ ಬೆಲೆ 32,000. ಗೆಲುವು ಸಮೀಪಿಸಿದಂತೆ ಅದಕ್ಕೆ ಇನ್ನಷ್ಟು ಕೂಡಿಸುತ್ತಿತ್ತು. 16 ಬಿಟ್ಟಿನ ಪೂರ್ಣಾಂಕದ ಮೇಲಣ ಮಿತಿ 32,767. ಅದನ್ನು ಮೀರಿ ಮೊತ್ತ 33,000 ಆಯಿತೆಂದರೆ ಯಂತ್ರಕ್ಕೆ ಅದು ಋಣ 32,536. ಗೆಲುವೇ ಘೋರ ಸೋಲಾಗಿ ಕಾಣುತ್ತಿತ್ತು!

ಲೋಲಕದ ಪಾಠದಲ್ಲಿ ನಾವು ಕೋನದ ಸೈನ್‌ಗೆ ಬದಲಾಗಿ ಕೋನವನ್ನೇ ಬರೆದುಬಿಡುತ್ತೇವೆ. ಅದು ಎಲ್ಲಿಯವರೆಗೆ ಸಲ್ಲುವುದೆಂಬುದನ್ನು ವಿದ್ಯಾರ್ಥಿ ನಿಜವಾಗಿ ಅರಿಯುವುದು ಲೋಲಕವನ್ನು ದೂರಕ್ಕೆ ಸರಿಸಿ ಬಿಟ್ಟಾಗ. ದೊಡ್ಡ ಗಣಕವೂ ಹಾಗೆಯೇ, ಬರೆದವನ ಊಹೆಗಳನ್ನು ಮುಚ್ಚಿಡುತ್ತದೆ. ಚಿಕ್ಕ ಯಂತ್ರ ಅವನ್ನು ಹೊರಗೆಡಹುತ್ತದೆ.

ಪರೀಕ್ಷಕರು ಕೇಳಿದುದು ಒಂದೇ ಪ್ರಶ್ನೆ: "ತಂತ್ರಾಂಶ ಬೇರೆಯವರದು, ಯಂತ್ರ ಬೇರೆಯವರದು, ಇದರಲ್ಲಿ ನಿನ್ನದೇನು?" ಹುಡುಗ ತಡವರಿಸಿದ. ಪಕ್ಕದಲ್ಲಿಯೇ ಕುಳಿತಿದ್ದ ನಾವೂ ಬಾಯಿಬಿಡಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಅವನಿಗೆ ದೊರೆತುದು ತೇರ್ಗಡೆಯ ಅಂಕ ಮಾತ್ರ. ಅಂದೇ, ದೊಡ್ಡ ಗಣಕದಲ್ಲಿ ಸಿದ್ಧ ತಂತ್ರಾಂಶವನ್ನು ಓಡಿಸಿ ಬಣ್ಣದ ನಕ್ಷೆಗಳನ್ನು ತೋರಿಸಿದವರಿಗೆ ಪ್ರಥಮ ದರ್ಜೆ.

ಪ್ರಾಜೆಕ್ಟಿನ 100 ಅಂಕಗಳಲ್ಲಿ 30ನ್ನಾದರೂ, ಯಂತ್ರ ಚಿಕ್ಕದಾದಾಗ ಏನು ಕೆಟ್ಟಿತು, ಅದನ್ನು ಹೇಗೆ ಕಂಡುಕೊಂಡೆ ಎಂಬ ವಿವರಣೆಗೆ ಮೀಸಲಿಡಬೇಕೆಂದು ನಮ್ಮ ಸಲಹೆ. ಇದಕ್ಕಾಗಿ ಹೊಸ ಯಂತ್ರಗಳನ್ನು ಕೊಳ್ಳಬೇಕಾಗಿಲ್ಲ. ನಮ್ಮ ಪ್ರಯೋಗಾಲಯದ ಬೀರುವಿನಲ್ಲಿಯೇ ಬಳಕೆ ತಪ್ಪಿದ ಗಣಕಗಳು ಧೂಳು ಹಿಡಿದು ಕುಳಿತಿವೆ.