ಕಡ್ಡಿಯ ತುದಿಯ ವಿಷ
1888ರ ಜುಲೈನಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಬೆಂಕಿಪೊಟ್ಟಣ ಕಾರ್ಖಾನೆಯಿಂದ ಸುಮಾರು 1,400 ಹೆಂಗಸರು, ಹುಡುಗಿಯರು ಕೆಲಸ ಬಿಟ್ಟು ಹೊರಬಂದರು. ಅವರ ಬವಣೆಯನ್ನು ಪತ್ರಿಕೆಯಲ್ಲಿ ಬರೆದು ಬಯಲಿಗೆಳೆದವರು ಆನಿ ಬೆಸೆಂಟ್. ಹೌದು, ಮುಂದೆ ಭಾರತಕ್ಕೆ ಬಂದು ಹೋಂ ರೂಲ್ ಚಳವಳಿ ಕಟ್ಟಿದ ಅದೇ ಬೆಸೆಂಟ್. ಮಾತಾಡಿದರೆ ದಂಡ, ತಡವಾಗಿ ಬಂದರೆ ದಂಡ. ಸಿಗುತ್ತಿದ್ದ ಪುಡಿಗಾಸೂ ಹೀಗೇ ಕರಗುತ್ತಿತ್ತು. ಅದಕ್ಕಿಂತ ಘೋರವಾದದ್ದು ಕಡ್ಡಿಯ ತುದಿಯಲ್ಲಿತ್ತು. ಬಿಳಿ ರಂಜಕದ ಹಬೆ ದವಡೆಯ ಮೂಳೆಯನ್ನೇ ಕೊಳೆಸುತ್ತಿತ್ತು. ಹುಳುಕು ಹಲ್ಲಿದ್ದವರಿಗೆ ಅಪಾಯ ಇನ್ನೂ ಹೆಚ್ಚು. ಕೆಲವರ ದವಡೆಯನ್ನು ಕತ್ತರಿಸಿ ತೆಗೆಯಬೇಕಾಗುತ್ತಿತ್ತು. ಕೆಲಸದ ಜಾಗದಲ್ಲೇ ಊಟ, ಹಾಗಾಗಿ ತುತ್ತಿನ ಜೊತೆ ವಿಷವೂ ಒಳಹೋಗುತ್ತಿತ್ತು. ಮುಷ್ಕರ ಗೆದ್ದಿತು: ದಂಡ ರದ್ದಾಯಿತು, ಊಟಕ್ಕೆ ಬೇರೆ ಕೋಣೆ ಸಿಕ್ಕಿತು. ರಂಜಕ ಮಾತ್ರ ಅಲ್ಲಾಡಲಿಲ್ಲ. ಕೆಂಪು ರಂಜಕ ಬಳಸುವ ಸುರಕ್ಷಿತ ಕಡ್ಡಿಯ ಸ್ವೀಡಿಷ್ ಪೇಟೆಂಟಿನ ಬ್ರಿಟಿಷ್ ಹಕ್ಕನ್ನು ಇದೇ ಕಂಪನಿ 1855ರಲ್ಲೇ ಕೊಂಡುಕೊಂಡಿತ್ತು ಎಂಬುದನ್ನು ಗಮನಿಸಿದರೆ, ಇದನ್ನು ಅಜ್ಞಾನ ಎನ್ನಲಾಗದು. ಬಿಳಿ ರಂಜಕದ ಕಡ್ಡಿ ಅಗ್ಗ, ಎಲ್ಲಿ ಗೀರಿದರೂ ಹೊತ್ತಿಕೊಳ್ಳುತ್ತಿತ್ತು, ಅಷ್ಟೆ. ಫಿನ್ಲೆಂಡ್ 1872ರಲ್ಲೇ ಅದನ್ನು ನಿಷೇಧಿಸಿತ್ತು. ಅದನ್ನು ನಿಷೇಧಿಸುವ ಬರ್ನ್ ಒಪ್ಪಂದಕ್ಕೆ ಹಲವು ದೇಶಗಳು ಸಹಿ ಹಾಕಿದ್ದು 1906ರಲ್ಲಿ. ಬ್ರಿಟನ್ ಕಾಯ್ದೆ ತಂದದ್ದು 1908ರಲ್ಲಿ, ಭಾರತಕ್ಕೆ ಅಂಥದ್ದೇ ಕಾಯ್ದೆ ಬಂದದ್ದು 1913ರಲ್ಲಿ.