ಸಿಪಾಯಿ ಮಾತಾಡುವಂತಿಲ್ಲ, ನಾವು ಮಾತಾಡಬಹುದು

2025ರ ನವೆಂಬರ್ 25ರಂದು ಸುಪ್ರೀಂ ಕೋರ್ಟ್ ಒಬ್ಬ ಸೇನಾಧಿಕಾರಿಯ ಅರ್ಜಿ ವಜಾ ಮಾಡಿತು. ಅವರ ಹೆಸರು ಲೆಫ್ಟಿನೆಂಟ್ ಸ್ಯಾಮ್ಯುಯೆಲ್ ಕಮಲೇಶನ್. ಕ್ರೈಸ್ತರು. ನಮ್ಮ ಕಡೆ ಈ ಸುದ್ದಿಯನ್ನು "ಅದು ಅವರ ವಿಷಯ" ಎಂದು ಪುಟ ತಿರುಗಿಸಿದವರೇ ಜಾಸ್ತಿ. ಆದರೆ ಮಕ್ಕಳಿಗೆ ತೌಹೀದ್ ಕಲಿಸುವ ಪ್ರತಿಯೊಂದು ಮನೆಯವರೂ ತಿಳಿದಿರಬೇಕಾದ ವಿಷಯವಿದು.

ನಡೆದದ್ದು ಇಷ್ಟು. 3ನೇ ಕ್ಯಾವಲ್ರಿ ರೆಜಿಮೆಂಟಿನಲ್ಲಿ ಅವರು ಸಿಖ್ ಸಿಪಾಯಿಗಳ ಒಂದು ತುಕಡಿಗೆ ನಾಯಕ. ಧಾರ್ಮಿಕ ಪರೇಡಿನ ದಿನ ತಮ್ಮ ಜನರ ಜೊತೆ ಮಂದಿರಕ್ಕೂ ಗುರುದ್ವಾರಕ್ಕೂ ಹೋಗುತ್ತಿದ್ದೆ, ಶೂ ಕಳಚಿ ಅಂಗಳದಲ್ಲಿ ನಿಲ್ಲುತ್ತಿದ್ದೆ, ಪೂಜೆ ಆರತಿ ನಡೆಯುವ ಗರ್ಭಗುಡಿಯ ಒಳಗೆ ಮಾತ್ರ ಹೋಗಲಾರೆ ಅಂದೆ ಎಂಬುದು ಅವರ ಹೇಳಿಕೆ. 2021ರಲ್ಲಿ ಪಿಂಚಣಿ, ಗ್ರಾಚ್ಯುಟಿ ಇಲ್ಲದೆ ಅವರನ್ನು ಸೇವೆಯಿಂದ ತೆಗೆದರು. ಮೇಲಧಿಕಾರಿಯ ಆದೇಶಕ್ಕಿಂತ ತನ್ನ ಧರ್ಮವನ್ನು ಮೇಲಿಟ್ಟದ್ದು ಅಶಿಸ್ತು ಎಂದು ದೆಹಲಿ ಹೈಕೋರ್ಟ್ 2025ರ ಮೇ 30ರಂದು ಹೇಳಿತು. ಸುಪ್ರೀಂ ಕೋರ್ಟ್ ಅದನ್ನೇ ಉಳಿಸಿತು.

ಸೇನೆಯವರ ಮಾತಿನಲ್ಲಿ ಅರ್ಥವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಗುಂಡಿನ ಮುಂದೆ ಒಟ್ಟಿಗೆ ನಿಲ್ಲಬೇಕಾದವರು. ನಾಯಕ ನಮ್ಮಿಂದ ಬೇರೆ ಎಂದು ಸಿಪಾಯಿಗೆ ಅನಿಸಬಾರದು. ಅದಕ್ಕೇ ಸಂವಿಧಾನದ 33ನೇ ವಿಧಿ ಇದೆ: ಸೈನಿಕರಿಗೆ ಮೂಲಭೂತ ಹಕ್ಕುಗಳು ಎಷ್ಟರ ಮಟ್ಟಿಗೆ ಸಿಗಬೇಕು ಎಂದು ಸಂಸತ್ತು ಕಾನೂನು ಮಾಡಿ ತೀರ್ಮಾನಿಸಬಹುದು. ಸಂಸತ್ತು ಎಂಬ ಆ ಒಂದು ಶಬ್ದವನ್ನು ನೆನಪಿಟ್ಟುಕೊಳ್ಳಿ.

ಇದಕ್ಕೆ ಮೊದಲು ನಮ್ಮದೇ ಒಂದು ಕೇಸಿತ್ತು. ವಾಯುಪಡೆಯಲ್ಲಿದ್ದ ಅನ್ಸಾರಿ ಆಫ್ತಾಬ್ ಅಹ್ಮದ್ ಮತ್ತು ಮುಹಮ್ಮದ್ ಝುಬೈರ್ ಗಡ್ಡ ಬಿಡಲು ಅನುಮತಿ ಕೇಳಿದ್ದರು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕೂದಲು ಕತ್ತರಿಸುವುದನ್ನು, ಮುಖ ಕ್ಷೌರ ಮಾಡುವುದನ್ನು ಯಾರ ಧರ್ಮ ನಿಷೇಧಿಸುತ್ತದೋ ಅವರಿಗೆ ಮಾತ್ರ ವಾಯುಪಡೆಯ 425ನೇ ನಿಯಮದಲ್ಲಿ ವಿನಾಯಿತಿ ಇದೆ. ಇಸ್ಲಾಮಿನಲ್ಲಿ ಹಾಗೆ ನಿಷೇಧ ಉಂಟೋ ಎಂದು ಕೇಳಿದಾಗ ಹಿರಿಯ ವಕೀಲ ಸಲ್ಮಾನ್ ಖುರ್ಷಿದ್, ಬೇರೆ ಬೇರೆ ವ್ಯಾಖ್ಯಾನಗಳಿವೆ, ಗಡ್ಡ ಇಡುವುದು ಉತ್ತಮ ಎಂಬುದು ಅವುಗಳಲ್ಲಿ ಒಂದು ಅಂದರು. ಅಲ್ಲಿಗೆ ಕೇಸು ಮುಗಿದ ಹಾಗೆಯೇ. ಆಗ ವಕೀಲರನ್ನು ಬೈದವರಿದ್ದರು. ನಾವು ಬೈಯುವುದಿಲ್ಲ. ಗಡ್ಡ ಬೋಳಿಸುವುದು ಹರಾಮೋ ಕರಾಹತೋ ಎಂಬಲ್ಲಿ ನಮ್ಮ ಶಾಫಿಈ ಮದ್‌ಹಬಿನ ಇಮಾಮರುಗಳಲ್ಲೇ ಎರಡು ಅಭಿಪ್ರಾಯ ಇದೆ, ಕೋರ್ಟಿನಲ್ಲಿ ಸುಳ್ಳು ಹೇಳಲಿಕ್ಕಾಗುತ್ತದಾ? ಆದರೂ ಒಂದು ಮಾತು. ಇದೇ ದೇಶದ ನೌಕಾಪಡೆಯಲ್ಲಿ ಅನುಮತಿ ಪಡೆದು ಯಾವ ಧರ್ಮದವನೂ ಗಡ್ಡ ಬಿಡಬಹುದು. ಹಡಗಿನಲ್ಲಿ ಕೆಡದ ಶಿಸ್ತು ವಿಮಾನದ ಹತ್ತಿರ ಹೇಗೆ ಕೆಡುತ್ತದೆ ಎಂದು ಯಾರಾದರೂ ಹೇಳಲಿ.

ಅಗ್ನಿವೀರ್ ಬಂದ ಮೇಲೆ ಮದ್ರಸದಲ್ಲಿ ನಮ್ಮ ಹತ್ತಿರ ತಾಯಂದಿರು ಕೇಳುವುದುಂಟು: "ಉಸ್ತಾದ್, ಮಗ ಮಿಲಿಟರಿಗೆ ಹೋಗ್ತಾನೆ ಅಂತಾನೆ. ಅಲ್ಲಿ ದೀನ್ ಉಳೀತದಾ?" ಉಳಿಯುತ್ತದೆ. ನಮಾಝನ್ನೂ ನೋಂಬನ್ನೂ ಸೈನಿಕನಿಗೆ ಸುಲಭ ಮಾಡಿಕೊಟ್ಟದ್ದು ಶರೀಅತ್ತೇ. ಭಯದ ನಮಾಝ್ ಸೂರಃ ಅನ್ನಿಸಾಅ್‌ನಲ್ಲೇ ಇದೆ: ಒಂದು ಗುಂಪು ಇಮಾಮರ ಹಿಂದೆ ನಿಲ್ಲುವಾಗ ಇನ್ನೊಂದು ಗುಂಪು ಕಾವಲು ಕಾಯಬೇಕು, ಆಯುಧ ಕೆಳಗಿಡಬಾರದು, ನಂತರ ಅದಲು ಬದಲು. ಯುದ್ಧ ಬಿರುಸಾದರೆ ನಡೆಯುತ್ತಲೋ ಸವಾರಿಯ ಮೇಲೋ, ಕಿಬ್ಲಕ್ಕೆ ಮುಖ ಮಾಡಲು ಆಗದಿದ್ದರೂ ನಮಾಝ್ ಮಾಡಬಹುದು ಎನ್ನುತ್ತದೆ ಫಿಕ್‌ಹ್. ಮಕ್ಕಾ ವಿಜಯದ ವರ್ಷ ಶತ್ರುಗಳು ಹತ್ತಿರವಾದಾಗ ಪ್ರವಾದಿಯವರು(ಸ) ಸಹಾಬಿಗಳಿಗೆ ಉಪವಾಸ ಬಿಡಲು ಹೇಳಿದ್ದರು. ಸೇನೆಯಲ್ಲಿ ಪಂಡಿತ್, ಗ್ರಂಥಿ, ಪಾದ್ರಿಗಳ ಹಾಗೆ ಮೌಲವಿಯ ಹುದ್ದೆಯೂ ಇದೆ. (ಪದವಿ ಕೇಳುತ್ತಾರೆ, ನಮ್ಮಂಥ ಪಿಯುಸಿ ಉಸ್ತಾದರಿಗೆ ಸಿಗದು. ಓದುತ್ತಿರುವ ಮುತಅಲ್ಲಿಮರು ಗಮನಿಸಲಿ.)

ಆದ್ದರಿಂದ ಗಡ್ಡದ ವಿಷಯ ನಮಗೆ ನೋವಿನದ್ದು ಹೌದು, ಆದರೆ ಬಾಗಿಲು ಮುಚ್ಚುವಂಥದ್ದಲ್ಲ. ಕಮಲೇಶನ್ ವಿಷಯ ಹಾಗಲ್ಲ. ಬೇರೆಯವರ ಪ್ರಾರ್ಥನಾ ಸ್ಥಳದ ಬಳಿ ಗೌರವದಿಂದ ನಿಲ್ಲುವುದು ಒಂದು, ಇಬಾದತ್ತಿನಲ್ಲಿ ಪಾಲುಗೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ನಮ್ಮ ಮಗ ತಯಾರಿರಬೇಕು. ಎರಡನೆಯದನ್ನು ಆದೇಶದಿಂದ ಮಾಡಿಸಿದರೆ ಅಲ್ಲಿ ಯಾವ ರಿಯಾಯಿತಿಯನ್ನು ತೋರಿಸೋಣ? ನಮಾಝನ್ನು ಮುಂದೂಡಬಹುದು, ಉಪವಾಸವನ್ನು ಕಳಾ ಮಾಡಬಹುದು, ತೌಹೀದಿಗೆ ಕಳಾ ಇಲ್ಲ. ಎಲ್ಲವನ್ನೂ ಶಿಸ್ತು ಎಂಬ ಒಂದೇ ತಕ್ಕಡಿಯಲ್ಲಿ ತೂಗಿದ್ದರಲ್ಲಿ ನ್ಯಾಯಾಲಯಗಳು ಈ ವ್ಯತ್ಯಾಸವನ್ನು ಸಣ್ಣದು ಮಾಡಿದವು ಎಂಬುದು ನಮ್ಮ ಅಭಿಪ್ರಾಯ. ಗಣರಾಜ್ಯೋತ್ಸವಕ್ಕೆ ಮದ್ರಸದ ಮಕ್ಕಳ ಬಾಯಲ್ಲಿ ಬ್ರಿಗೇಡಿಯರ್ ಉಸ್ಮಾನ್, ಅಬ್ದುಲ್ ಹಮೀದ್ ಎಂದು ಭಾಷಣ ಮಾಡಿಸುತ್ತೇವೆ. ಅಂಥವರು ಇನ್ನೂ ಬರಬೇಕಾದರೆ ಈ ಪ್ರಶ್ನೆಗೆ ಉತ್ತರ ಬೇಕಲ್ಲ.

ಉತ್ತರ ಕೇಳುವವರು ಯಾರು? ಸಿಪಾಯಿ ಕೇಳುವಂತಿಲ್ಲ. 1950ರ ಸೇನಾ ಕಾಯ್ದೆಯ 21ನೇ ಕಲಂ, 1954ರ ಸೇನಾ ನಿಯಮಗಳು ಅವನ ಕೈ ಕಟ್ಟಿವೆ: ರಾಜಕೀಯ ವಿಷಯವನ್ನೋ ಸೇವೆಯ ವಿಷಯವನ್ನೋ ಅನುಮತಿ ಇಲ್ಲದೆ ಪತ್ರಿಕೆಗೆ ಕೊಡುವಂತಿಲ್ಲ, ರಾಜಕೀಯ ಸಭೆಗೆ ಹೋಗುವಂತಿಲ್ಲ. 2017ರಲ್ಲಿ ಬಿಎಸ್‌ಎಫ್‌ನ ತೇಜ್ ಬಹಾದೂರ್ ಯಾದವ್ ಊಟ ಸರಿಯಿಲ್ಲ ಎಂದು ವಿಡಿಯೋ ಹಾಕಿದರು, ಕೆಲವೇ ತಿಂಗಳಲ್ಲಿ ಕೆಲಸ ಹೋಯಿತು. 2020ರಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್ ಅಳಿಸಿ ಎಂದು ಸೇನೆ ಹೇಳಿತು. ಹಾಗಿರುವಾಗ ಸೇನೆಯಲ್ಲಿರುವ ಹುಡುಗನನ್ನು ಮೊಹಲ್ಲಾದ ವಾಟ್ಸಾಪ್ ಗ್ರೂಪಿಗೆ ಸೇರಿಸಿ ಸಿಕ್ಕಿದ ರಾಜಕೀಯವನ್ನೆಲ್ಲ ಫಾರ್ವರ್ಡ್ ಮಾಡಿ "ನೀನೇನು ಹೇಳ್ತಿ?" ಎಂದು ಕೇಳುವವರಿಗೆ ಬುದ್ಧಿ ಇದೆಯಾ? ಅವನ ಒಂದು ಸಾಲಿಗೆ ಅವನೇ ಬೆಲೆ ತೆರಬೇಕಾದೀತು. ಇದನ್ನು ಮನೆಯವರು ಇವತ್ತೇ ನಿಲ್ಲಿಸಲಿ.

ನಮ್ಮ ಬಾಯಿಗೆ ಆ ಬೀಗ ಇಲ್ಲ. ಅಮೆರಿಕದಲ್ಲಿ 1986ರಲ್ಲಿ ಗೋಲ್ಡ್‌ಮನ್ ಎಂಬ ಯಹೂದಿ ವಾಯುಪಡೆ ಅಧಿಕಾರಿ, ಸಮವಸ್ತ್ರದ ಜೊತೆ ಟೊಪ್ಪಿ ಇಡುವ ಹಕ್ಕಿಗಾಗಿ ಸುಪ್ರೀಂ ಕೋರ್ಟಿಗೆ ಹೋಗಿ 5–4ರಲ್ಲಿ ಸೋತರು. ಹೊರಗಿದ್ದವರು ಸುಮ್ಮನಿರಲಿಲ್ಲ. ಮರುವರ್ಷವೇ ಅಲ್ಲಿನ ಸಂಸತ್ತು ಕಾನೂನು ಬದಲಿಸಿತು. ನಮ್ಮಲ್ಲೂ 33ನೇ ವಿಧಿಯ ಬೀಗದ ಕೈ ಸಂಸತ್ತಿನಲ್ಲೇ ಇದೆ. ಕೇಳಬೇಕಾದದ್ದು ದೊಡ್ಡದೇನಲ್ಲ: ಪರೇಡಿಗೆ ಬಂದು ಗೌರವದಿಂದ ನಿಂತರೆ ಸಾಕು, ಪೂಜೆಯಲ್ಲಿ, ನಮಾಝಿನಲ್ಲಿ, ಯಾವುದೇ ಧರ್ಮದ ಆರಾಧನೆಯಲ್ಲಿ ಪಾಲುಗೊಳ್ಳಲು ಯಾರಿಗೂ ಆದೇಶ ಕೊಡಬಾರದು ಎಂಬ ಒಂದು ಸಾಲು. ಹಿಂದೂ ಅಧಿಕಾರಿಗೂ ಅದು ರಕ್ಷಣೆಯೇ. ದಕ್ಷಿಣ ಕನ್ನಡದ ಸಂಸದ ಕ್ಯಾಪ್ಟನ್ ಬ್ರಿಜೇಶ್ ಚೌಟ ಸ್ವತಃ ಸೇನೆಯಲ್ಲಿದ್ದವರು, ರೆಜಿಮೆಂಟಿನ ಒಳಗಿನ ಬದುಕು ಅವರಿಗೆ ಗೊತ್ತು. ನಾವು ಓಟು ಯಾರಿಗೆ ಹಾಕಿದ್ದೇವೆ ಎಂಬುದು ಬೇರೆ ವಿಷಯ. ಮನವಿ ಬರೆಯಲು ಶುರು ಮಾಡಬೇಕಾದದ್ದು ಜಮಾಅತ್ ಕಮಿಟಿಗಳು. ಜೊತೆಗೆ ಚರ್ಚಿನವರ ಸಹಿಯನ್ನೂ ಕೇಳಿ, ಕೇಸು ನಡೆಸಿ ಸೋತವರು ಅವರ ಮಗ.